ಮೈಕ್ ಹಿಡಿದವರ ವ್ಯಾಕರಣ

1999ರ ಲೋಕಸಭಾ ಚುನಾವಣೆಯಲ್ಲಿ ದೇಶದ ಕ್ಯಾಮೆರಾಗಳೆಲ್ಲ ಇದ್ದಕ್ಕಿದ್ದಂತೆ ಬಳ್ಳಾರಿಗೆ ಬಂದಿಳಿದವು. ಕಾಂಗ್ರೆಸ್ ಅಧ್ಯಕ್ಷೆ ಸೋನಿಯಾ ಗಾಂಧಿ ಅಮೇಠಿಯ ಜೊತೆಗೆ ಇಲ್ಲೂ ನಾಮಪತ್ರ ಸಲ್ಲಿಸಿದ್ದರು. ಎದುರಿಗೆ ಬಿಜೆಪಿ ನಿಲ್ಲಿಸಿದ್ದು ಸುಷ್ಮಾ ಸ್ವರಾಜ್ ಅವರನ್ನು. ಅಂಬಾಲದಲ್ಲಿ ಹುಟ್ಟಿದ ಸುಷ್ಮಾಗೂ ಇಟಲಿಯಲ್ಲಿ ಹುಟ್ಟಿದ ಸೋನಿಯಾಗೂ ಬಳ್ಳಾರಿ ಪರವೂರೇ. ಆದರೆ ಸುಷ್ಮಾ ಸಿಕ್ಕಿದ ಕೆಲವೇ ವಾರಗಳಲ್ಲಿ ಕನ್ನಡ ಕಲಿತು, ಸಭೆಗಳಲ್ಲಿ ಕನ್ನಡದಲ್ಲೇ ಭಾಷಣ ಮಾಡತೊಡಗಿದರು. ಉಚ್ಚಾರ ಅಲ್ಲಲ್ಲಿ ಎಡವುತ್ತಿತ್ತು. ಜನ ಅದನ್ನು ತಪ್ಪೆಂದು ಎಣಿಸಲಿಲ್ಲ, ಎಡವಿದಷ್ಟೂ ಹೆಚ್ಚು ಚಪ್ಪಾಳೆ ಬಿತ್ತು. ದೇಶದ ಮಗಳು, ವಿದೇಶದ ಸೊಸೆ ಎಂಬ ಪ್ರಚಾರದ ಎಳೆಗೆ ಆ ಕನ್ನಡವೇ ಸಾಕ್ಷಿಯಾಗಿ ನಿಂತಿತು.

ಫಲಿತಾಂಶ ಬಂದಾಗ ಸುಷ್ಮಾ 56,100 ಮತಗಳಿಂದ ಸೋತಿದ್ದರು. ಮಾತಿನ ಬಲದ ಬಗ್ಗೆ ಬರೆಯುವವರು ಗೆದ್ದ ಭಾಷಣಗಳಿಂದಲೇ ಶುರುಮಾಡುವುದು ರೂಢಿ. ನನಗೆ ಈ ಸೋತ ಪ್ರಚಾರವೇ ಹೆಚ್ಚು ಕಲಿಸುತ್ತದೆ. 1952ರಿಂದ ಕಾಂಗ್ರೆಸ್ಸನ್ನು ಬಿಟ್ಟು ಬೇರೆಯವರನ್ನು ಲೋಕಸಭೆಗೆ ಕಳಿಸದಿದ್ದ ಕ್ಷೇತ್ರದಲ್ಲಿ ಅವರಿಗೆ ಮೂರೂವರೆ ಲಕ್ಷಕ್ಕೂ ಹೆಚ್ಚು ಮತ ಬಂದಿತ್ತು. ಸೋತ ಮೇಲೂ ಅವರು ವರ್ಷಗಟ್ಟಲೆ ವರಮಹಾಲಕ್ಷ್ಮಿ ಪೂಜೆಗೆಂದು ಬಳ್ಳಾರಿಗೆ ಬರುತ್ತಿದ್ದರು. 2004ರಲ್ಲಿ ಕ್ಷೇತ್ರ ಬಿಜೆಪಿಯ ಕೈಗೆ ಬಂತು. ಅಷ್ಟು ಹೊತ್ತಿಗೆ ಅದಿರಿನ ಹಣವೂ ಸದ್ದು ಮಾಡತೊಡಗಿತ್ತು, ಹಾಗಾಗಿ ಶ್ರೇಯವನ್ನೆಲ್ಲ ವ್ಯಾಕರಣಕ್ಕೆ ಕಟ್ಟುವ ಹಾಗಿಲ್ಲ. ಇಷ್ಟನ್ನು ಮಾತ್ರ ಹೇಳಬಹುದು: ಭಾಷಣ ಕೇಳಿ ಮನಸ್ಸು ಬದಲಿಸಿದವರು ಎಷ್ಟು ಮಂದಿ ಎಂಬ ಲೆಕ್ಕ ಹಿಡಿದು ಹೊರಟರೆ ಭಾಷಣದ ಕೆಲಸ ಅರ್ಥವಾಗುವುದಿಲ್ಲ. ಭಾಷಣ ಕೇಳುಗನಿಗೆ ಒಂದು ಜಾಗ ತೋರಿಸುತ್ತದೆ. ನೀನು ಯಾರ ಪೈಕಿ, ನಿನ್ನ ಪಕ್ಕ ಯಾರು, ಎದುರಿಗೆ ಯಾರು ಎಂದು ಹೇಳಿ ಕೂರಿಸುತ್ತದೆ. ಮನೆಗೆ ಹೋಗುವಾಗ ಅವನ ಬಾಯಲ್ಲೊಂದು ವಾಕ್ಯ ಇಟ್ಟು ಕಳಿಸುತ್ತದೆ.

ಜಾಗ ತೋರಿಸುವ ಕೆಲಸ ಮೊದಲ ಉಸಿರಿನಲ್ಲೇ ಶುರುವಾಗುತ್ತದೆ. ಯಾವುದೇ ಊರಿನ ಸಭೆಗೆ ಹೋಗಿ ನೋಡಿ. ವೇದಿಕೆಯ ಮೇಲಿನ ಗಣ್ಯರ ಹೆಸರುಗಳ ಮೆರವಣಿಗೆ ಮುಗಿದ ಕೂಡಲೇ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು, ತಾಯಂದಿರು ಬರುತ್ತಾರೆ. ಮತದಾರ ಎಂಬ ಪದಕ್ಕೆ ಅಲ್ಲಿ ಜಾಗವಿಲ್ಲ. ಮತದಾರನಾದರೆ ಲೆಕ್ಕ ಕೇಳುತ್ತಾನೆ, ತಮ್ಮನಾದರೆ ಅಷ್ಟು ಸುಲಭವಾಗಿ ಕೇಳಲಾರ. ದೇವೇಗೌಡರು ಕಾರ್ಯಕರ್ತರಿಗೆ ಅಪ್ಪಾಜಿ, ಕುಮಾರಸ್ವಾಮಿ ಕುಮಾರಣ್ಣ, ಪಕ್ಕದ ರಾಜ್ಯದ ಜಯಲಲಿತಾ ಅಮ್ಮ. ಕರುಣಾನಿಧಿ ತಮ್ಮ ಸಭಿಕರನ್ನು ಒಡಹುಟ್ಟು ಎಂಬ ಅರ್ಥದ ತಮಿಳು ಪದದಿಂದ ಕರೆಯುತ್ತಿದ್ದರು, ಆ ಒಂದು ಪದ ಕೇಳಲಿಕ್ಕೇ ಜನ ಗಂಟೆಗಟ್ಟಲೆ ಕಾಯುತ್ತಿದ್ದರು. ಈ ಎಲ್ಲ ನಂಟಿನ ಪದಗಳಲ್ಲೂ ಹೇಳುವವನು ಒಂದೋ ಹಿರಿಯ, ಇಲ್ಲವೇ ಸಮಾನ. ಸಂಬಂಧವನ್ನು ಪೂರ್ತಿ ತಲೆಕೆಳಗು ಮಾಡಿದವರು ರಾಜಕಾರಣಕ್ಕೆ ಇಳಿಯದ ಡಾ. ರಾಜ್‌ಕುಮಾರ್. ಅಭಿಮಾನಿ ದೇವರುಗಳೇ ಎಂದು ಕೈಮುಗಿದು, ಕೇಳುವವರನ್ನು ಗದ್ದುಗೆಗೇರಿಸಿ ತಾವು ಕೆಳಗೆ ನಿಂತರು. 1982ರ ಗೋಕಾಕ್ ಚಳವಳಿಗೆ ಅವರು ಧುಮುಕಿದಾಗ ಸರ್ಕಾರಕ್ಕೆ ದಿಗಿಲು ಹತ್ತಿದ್ದಕ್ಕೆ ಅವರ ಹಿಂದೆ ನಡೆದ ಜನಸಾಗರ ಎಷ್ಟು ಕಾರಣವೋ, ಏನನ್ನೂ ಬೇಡದವನ ಈ ವಿನಯವೂ ಅಷ್ಟೇ ಕಾರಣ.

ಇಲ್ಲಿ ಕರ್ನಾಟಕದ ದಾರಿ ತಮಿಳುನಾಡಿನ ದಾರಿಗಿಂತ ಬೇರೆ ಎಂಬುದನ್ನು ಹೇಳಬೇಕು. ಮಧುರೆಯಲ್ಲಿ ಇದ್ದು ಅಧ್ಯಯನ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞ ಬರ್ನಾರ್ಡ್ ಬೇಟ್ 2009ರಲ್ಲಿ ದ್ರಾವಿಡ ಚಳವಳಿಯ ಭಾಷಣಕಲೆಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಅಣ್ಣಾದುರೈ ಮತ್ತು ಅವರ ಬಳಗದವರು ಆಡುಮಾತನ್ನು ಬಿಟ್ಟು ಪ್ರಾಸಬದ್ಧ, ಗ್ರಾಂಥಿಕ ತಮಿಳನ್ನು ಸಭೆಗೆ ತಂದರು, ಹಳೆಯದೆಂದು ತೋರುವ ಆ ಶೈಲಿ ವೇದಿಕೆಯ ಮೇಲೆ ಹೊಸದು ಎಂಬುದು ಅವರ ವಾದ. ಆ ತಮಿಳು ಆಡುವವನು ಸಂಗಂ ಕಾಲದಿಂದ ಎದ್ದು ಬಂದವನಂತೆ ಕಾಣುತ್ತಿದ್ದ. ಕೇಳುವ ಕೂಲಿಯವನೂ ತಾನೊಂದು ಪುರಾತನ ಜನಾಂಗದ ವಾರಸುದಾರ ಎಂದು ಎದೆಯುಬ್ಬಿಸುತ್ತಿದ್ದ.

ಕನ್ನಡದಲ್ಲಿ ಹಾಗಾಗಲಿಲ್ಲ. ನಮ್ಮಲ್ಲಿ ಗ್ರಾಂಥಿಕ ಕನ್ನಡ ರಾಜ್ಯೋತ್ಸವದ ವೇದಿಕೆಗೆ ಮೀಸಲು. ಚುನಾವಣೆಯ ವೇದಿಕೆಯಲ್ಲಿ ಓಡುವುದು ಮೈಸೂರು ಸೀಮೆಯ ಹಳ್ಳಿಮಾತು, ಹಾಸನದ ರಾಗ, ವಿಜಯಪುರದ ಖಡಕ್ ಜವಾರಿ. ಪುಸ್ತಕದ ಕನ್ನಡದಲ್ಲಿ ಮಾತಾಡುವ ಅಭ್ಯರ್ಥಿಯನ್ನು ಜನ ಮೇಷ್ಟ್ರು ಎಂದು ಗೌರವಿಸಿ ಮನೆಗೆ ಕಳಿಸುತ್ತಾರೆ. 2023ರ ಚುನಾವಣೆಯ ಆಸುಪಾಸಿನಲ್ಲಿ ಸಿದ್ದರಾಮಯ್ಯ ಉಚಿತ ವಿದ್ಯುತ್ತಿನ ಸಂಗತಿಯನ್ನು ವಿವರಿಸಿದ ರೀತಿ ನೆನಪಿರಬಹುದು. ಸಂಗಡಿಗರ ಹೆಸರು ಹಿಡಿದು, ಮಹದೇವಪ್ಪ ನಿಂಗೂ ಫ್ರೀ, ಕಾಕಾ ಪಾಟೀಲ ನಿಂಗೂ ಫ್ರೀ ಎಂದರು. ಯೂನಿಟ್ಟಿನ ಲೆಕ್ಕ, ಫಲಾನುಭವಿಗಳ ಅರ್ಹತೆ ಎಲ್ಲ ಹೇಳಿ ಮುಗಿಯುವ ವಿಷಯವಲ್ಲ. ಏಕವಚನದ ಆ ‘ನಿಂಗೂ’ ಹಟ್ಟಿಜಗಲಿಯ ಸಲಿಗೆಯಲ್ಲಿ ಕೆಲಸ ಮುಗಿಸಿತು. ವಿರೋಧಿಗಳು ಅದೇ ಮಾತನ್ನು ಗೇಲಿಗೆ ಬಳಸಿ ರೀಲ್ಸ್ ಮಾಡಿದರು. ಗೇಲಿ ಮಾಡಲಾದರೂ ಆ ವಾಕ್ಯವನ್ನು ಮತ್ತೆ ಆಡಲೇಬೇಕಲ್ಲ! ಭಾಷಣಕಾರನಿಗೆ ಅದಕ್ಕಿಂತ ಅಗ್ಗದ ಪ್ರಚಾರ ಇನ್ನೊಂದಿಲ್ಲ.

ಎದುರಿಗೆ ಕೂತವರಿಗೆ ಅರ್ಥವೇ ಆಗದ ಭಾಷಣಕ್ಕೂ ಶಕ್ತಿ ಇರುತ್ತದೆ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಸಮಾಜವಾದಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದು ಕನ್ನಡದಲ್ಲಿ ಮಾತಾಡಿದರು. ಅಲ್ಲಿ ಅದಕ್ಕೆ ಮೊದಲು ಯಾರೂ ಹಾಗೆ ಮಾಡಿರಲಿಲ್ಲ. ಸದನದ ಬಹುಪಾಲು ಸದಸ್ಯರಿಗೆ ಒಂದು ಅಕ್ಷರವೂ ತಿಳಿದಿರಲಾರದು. ಆದರೆ ಆ ಭಾಷಣದ ಸಭಿಕರು ಸದನದಲ್ಲಿ ಇರಲಿಲ್ಲ, ಎರಡು ಸಾವಿರ ಕಿಲೋಮೀಟರ್ ಆಚೆ ಮಲೆನಾಡಿನಲ್ಲಿ ಪೇಪರ್ ಓದುತ್ತಿದ್ದರು.

ಇನ್ನು ಘೋಷಣೆಗಳ ಮಾತು. 1971ರಲ್ಲಿ ವಿರೋಧ ಪಕ್ಷಗಳ ಒಕ್ಕೂಟ ‘ಇಂದಿರಾ ಹಟಾವೋ’ ಎಂದಿತು. ಇಂದಿರಾ ಗಾಂಧಿ ಆ ವಾಕ್ಯದ ಕಟ್ಟನ್ನು ಮುಟ್ಟಲೇ ಇಲ್ಲ. ಒಂದೇ ಒಂದು ಪದ ಬದಲಿಸಿ ‘ಗರೀಬಿ ಹಟಾವೋ’ ಮಾಡಿದರು. ಅವರು ನನ್ನನ್ನು ತೊಲಗಿಸಲು ಹೊರಟಿದ್ದಾರೆ, ನಾನು ಬಡತನವನ್ನು ತೊಲಗಿಸಲು ಹೊರಟಿದ್ದೇನೆ ಎಂಬ ಹೋಲಿಕೆಯಲ್ಲಿ ಎದುರಾಳಿಗಳು ಬಡತನದ ಪಕ್ಕ ಹೋಗಿ ಕೂತರು, ಯಾರೂ ಅದನ್ನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಆಗ ಮೈಸೂರು ರಾಜ್ಯದಲ್ಲಿ ಅಧಿಕಾರದಲ್ಲಿದ್ದದ್ದು ಸಂಸ್ಥಾ ಕಾಂಗ್ರೆಸ್, ಆ ಪಕ್ಷದ ಹಿರಿಯಾಳು ನಮ್ಮವರೇ ಆದ ನಿಜಲಿಂಗಪ್ಪ. ಆದರೂ ರಾಜ್ಯದ 27 ಸೀಟುಗಳಲ್ಲಿ 27ನ್ನೂ ಇಂದಿರಾ ಕಾಂಗ್ರೆಸ್ ಗೆದ್ದಿತು. ಹಿಂದಿಯ ಎರಡು ಪದ ಹಿಂದಿ ಬಾರದವರ ನಾಲಗೆಯ ಮೇಲೂ ಓಡಾಡಿತು.

ಏಳು ವರ್ಷಗಳ ನಂತರ ಇದು ಉಲ್ಟಾ ಆಯಿತು. 1978ರ ನವೆಂಬರ್‌ನ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ನಿಂತಾಗ ಹುಟ್ಟಿದ ಪ್ರಸಿದ್ಧ ಘೋಷಣೆ ಹೆಣ್ಣುಹುಲಿ ಒಂದು, ಮುಸುವ ನೂರು ಎಂಬರ್ಥದ್ದು. ಹಿಂದಿಯ ‘ಲಂಗೂರ್’ಗೆ ಪ್ರಾಸವಾಗಿ ಬಂದದ್ದು ನಮ್ಮ ‘ಚಿಕ್ಕಮಗಳೂರ್’. ಕಾಫಿತೋಟದ ಆಳುಗಳಿಗೆ ಆ ಪ್ರಾಸ ಎಷ್ಟು ಹಿಡಿಸಿತೋ ತಿಳಿಯದು. ಉತ್ತರ ಭಾರತದವರಿಗಂತೂ ಒಂದು ಊರಿನ ಹೆಸರನ್ನು ಬಾಯಿಪಾಠ ಮಾಡಿಸಿತು.

ಕನ್ನಡದಲ್ಲೇ ಹುಟ್ಟಿದ ಘೋಷಣೆಗಳಲ್ಲಿ ಎರಡು ನನಗೆ ಬಹಳ ಮುಖ್ಯ. ಮೊದಲನೆಯದು 1942ರ ಈಸೂರಿನದು: ‘ಏಸೂರು ಕೊಟ್ಟರೂ ಈಸೂರು ಕೊಡೆವು.’ ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿ ತಾನು ಸ್ವತಂತ್ರ ಎಂದು ಸಾರಿಕೊಂಡಿತು. ಪೊಲೀಸರೊಡನೆ ನಡೆದ ಘರ್ಷಣೆಯಲ್ಲಿ ಅಮಲ್ದಾರ ಮತ್ತು ಪೊಲೀಸ್ ಅಧಿಕಾರಿ ಸತ್ತರು, 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಊರಿನ ಹೆಸರೇ ಒಂದು ಪ್ರತಿಜ್ಞೆಯಾದ ಆ ಸಾಲಿನಲ್ಲಿ ನಾಯಕನ ಹೆಸರಿಲ್ಲ, ಪಕ್ಷದ ಹೆಸರಿಲ್ಲ. ಕೂಗಿದವರೆಲ್ಲ ಅದರ ಒಡೆಯರು.

ಎರಡನೆಯದು ‘ಉಳುವವನೇ ಹೊಲದೊಡೆಯ’. ಸಾಗರದ ಬಳಿಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಕೂತರು, ಎಚ್. ಗಣಪತಿಯಪ್ಪ ಮುಂದಾಳು, ರಾಮಮನೋಹರ ಲೋಹಿಯಾ ಅಲ್ಲಿಗೇ ಬಂದು ಬಂಧನಕ್ಕೊಳಗಾದರು. ಎರಡು ದಶಕದ ಮೇಲೆ ದೇವರಾಜ ಅರಸರ ಸರ್ಕಾರದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಆ ಮಾತು ಕಾನೂನಾಯಿತು. ಕರಾವಳಿ, ಮಲೆನಾಡಿನ ಹಿರಿಯರು ಈಗಲೂ ‘ಡಿಕ್ಲರೇಶನ್ ಹಾಕಿದ್ದು’ ಎಂದು ಆ ಕಾಲವನ್ನು ನೆನೆಯುತ್ತಾರೆ. ಧಣಿಯ ಅಂಗಳದಲ್ಲಿ ತಲೆ ಎತ್ತಿ ಮಾತಾಡದವನು ತಾಲ್ಲೂಕು ಕಚೇರಿಗೆ ಹೋಗಿ, ನಾನು ಉಳುವ ಹೊಲ ನನ್ನದು ಎಂದು ಬರೆದು ಕೊಡುವುದು ಸಣ್ಣ ಕೆಲಸವಲ್ಲ. ಕಾನೂನಿನ ಸೆಕ್ಷನ್ನುಗಳನ್ನು ಅವನು ಓದಿರಲಿಲ್ಲ. ಎರಡು ಪದದ ಆ ವಾಕ್ಯ ಅವನ ಬಾಯಲ್ಲಿತ್ತು. ಅದರ ಬಲವೆಲ್ಲ ‘ಉಳುವವನೇ’ ಎಂಬಲ್ಲಿನ ದೀರ್ಘದಲ್ಲಿದೆ, ಅದನ್ನು ತೆಗೆದರೆ ಉಳಿಯುವುದು ಬರೀ ವರದಿ.

ಹೆಸರಿಡುವುದರಲ್ಲೂ ರಾಜಕೀಯದ ದೊಡ್ಡ ಪಾಲು ಅಡಗಿದೆ. 2006ರ ಹೊತ್ತಿಗೆ ಹೆಣ್ಣುಮಕ್ಕಳಿಗಾಗಿ ‘ಭಾಗ್ಯಲಕ್ಷ್ಮಿ’ ಬಂತು. 2013ರಲ್ಲಿ ಸಿದ್ದರಾಮಯ್ಯ ಮುಖ್ಯಮಂತ್ರಿಯಾದ ಮೇಲೆ ಅನ್ನಭಾಗ್ಯ, ಕ್ಷೀರಭಾಗ್ಯ, ಕೃಷಿಭಾಗ್ಯ ಎಂದು ಭಾಗ್ಯಗಳ ಸಾಲೇ ಬಂತು. ಭಾಗ್ಯ ಹಣೆಬರಹದ ಮಾತು. ಬಂದರೆ ಕೈಮುಗಿದು ತೆಗೆದುಕೊಳ್ಳಬೇಕು, ಬಾರದಿದ್ದರೆ ಯಾರನ್ನೂ ದೂರುವ ಹಾಗಿಲ್ಲ. ಟೀಕಾಕಾರರು ಅದನ್ನು ‘ಬಿಟ್ಟಿ ಭಾಗ್ಯ’ ಎಂದರು. ಒಂದೇ ಅಕ್ಕಿ, ಒಂದೇ ರೇಷನ್ ಅಂಗಡಿ, ಆದರೆ ಮುಂದೆ ಒಂದು ಪದ ಅಂಟಿಸಿದ್ದೇ ತಡ ಸಾಲಿನಲ್ಲಿ ನಿಂತವಳು ಸೋಮಾರಿಯ ಹಾಗೆ ಕಂಡಳು. 2022ರ ಜುಲೈನಲ್ಲಿ ಪ್ರಧಾನಿ ಮೋದಿ ಇಂಥ ಕೊಡುಗೆಗಳನ್ನು ‘ರೇವಡಿ’ ಎಂದು ಕರೆದರು, ಎಳ್ಳು ಬೆಲ್ಲದ ಮಿಠಾಯಿ, ಮಕ್ಕಳ ಕೈಗೆ ಹಂಚುವಂಥದ್ದು.

ಇದಕ್ಕೆ ಉತ್ತರವಾಗಿ 2023ರಲ್ಲಿ ರಾಜ್ಯ ಕಾಂಗ್ರೆಸ್ ಭಾಗ್ಯವನ್ನು ಬದಿಗಿಟ್ಟು ‘ಗ್ಯಾರಂಟಿ’ ಎಂದಿತು. ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಸಹಿ ಹಾಕಿದ ಕಾರ್ಡುಗಳನ್ನು ಮನೆಮನೆಗೆ ಹಂಚಿದರು. ಗ್ಯಾರಂಟಿ ಮಿಕ್ಸಿ ಕೊಂಡಾಗ ಸಿಗುವ ಚೀಟಿ. ಕೆಟ್ಟರೆ ಅಂಗಡಿಯವನ ಮುಂದೆ ಹಿಡಿದು ಜಗಳವಾಡಬಹುದು. ದಾನ ಪಡೆಯುವವಳಾಗಿದ್ದ ಹೆಂಗಸು ಇದ್ದಕ್ಕಿದ್ದಂತೆ ಗಿರಾಕಿಯಾದಳು. ನನ್ನ ಮಟ್ಟಿಗೆ ಈಚಿನ ಕನ್ನಡ ರಾಜಕಾರಣದಲ್ಲಿ ಒಂದು ಪದ ಮಾಡಿದ ಅತಿ ಜಾಣ ಕೆಲಸ ಇದು. ಗೃಹಲಕ್ಷ್ಮಿಯ ಕಂತು ತಡವಾದಾಗಲೆಲ್ಲ ಹೆಂಗಸರು ದಬಾಯಿಸಿ ಕೇಳುವುದಕ್ಕೂ ಅದೇ ಪದ ಕಾರಣ ಎಂಬುದನ್ನು ಸರ್ಕಾರ ಆಮೇಲೆ ಕಂಡುಕೊಂಡಿತು. ಪದದ ಓಟ ಅಲ್ಲಿಗೂ ನಿಲ್ಲಲಿಲ್ಲ. ಅದೇ ವರ್ಷದ ಕೊನೆಯ ಹೊತ್ತಿಗೆ ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ‘ಮೋದಿ ಗ್ಯಾರಂಟಿ’ ಶುರುವಾಯಿತು, 2024ರ ಬಿಜೆಪಿ ಪ್ರಣಾಳಿಕೆಯ ಮುಖಪುಟವನ್ನೂ ಏರಿತು. ಎದುರಾಳಿಯ ಪದ ಗೆದ್ದರೆ ಬೈಯುವುದಕ್ಕಿಂತ ಹೊತ್ತುಕೊಂಡು ಹೋಗುವುದು ಲಾಭ.

ಗೆದ್ದ ಮೇಲೆ ವ್ಯಾಕರಣವೂ ಬದಲಾಗುತ್ತದೆ. ವಿರೋಧ ಪಕ್ಷದಲ್ಲಿರುವಾಗ ಮಾಡುತ್ತೇವೆ, ಕಿತ್ತೊಗೆಯುತ್ತೇವೆ, ಬಿಡುವುದಿಲ್ಲ ಎಂದು ಕ್ರಿಯಾಪದದ ಹಿಂದೆ ಗಟ್ಟಿಯಾದ ಕರ್ತೃ ನಿಂತಿರುತ್ತಾನೆ. ವಿಧಾನಸೌಧದ ಮೆಟ್ಟಿಲು ಹತ್ತಿದ ಕೂಡಲೇ ಅವನು ಮಾಯ. ಪರಿಶೀಲಿಸಲಾಗುವುದು. ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಹಣ ಬಿಡುಗಡೆಯಾಗಿದ್ದಲ್ಲಿ ‘ಮಾಡಿದ್ದೇನೆ’, ಬಿಡುಗಡೆಯಾಗದಿದ್ದಲ್ಲಿ ‘ವಿಳಂಬವಾಗಿದೆ’. ಸಚಿವರ ಉತ್ತರಗಳಲ್ಲಿ ಕರ್ತೃ ಎಲ್ಲಿ ಕಾಣಿಸಿಕೊಂಡ, ಎಲ್ಲಿ ತಲೆಮರೆಸಿಕೊಂಡ ಎಂದು ಗುರುತು ಹಾಕುತ್ತ ಓದಿದರೆ ಅಂಕಿಅಂಶ ನೋಡದೆಯೇ ಅರ್ಧ ಸತ್ಯ ಗೊತ್ತಾಗುತ್ತದೆ. ವರ್ಷದ ಮೊದಲ ಅಧಿವೇಶನದಲ್ಲಿ ರಾಜ್ಯಪಾಲರು ‘ನನ್ನ ಸರ್ಕಾರ’ ಎನ್ನುತ್ತ ಓದುವ ಭಾಷಣವಂತೂ ಇನ್ನೂ ವಿಚಿತ್ರ. ಬರೆದವರು ಮಂತ್ರಿಮಂಡಲದವರು, ‘ನಾನು’ ಎನ್ನುವವರು ಇನ್ನೊಬ್ಬರು.

ಕೇಳುಗನನ್ನು ಕೂರಿಸುವ ಕೆಲಸದ ಕರಾಳ ಮುಖವನ್ನು ಇಪ್ಪತ್ತನೆಯ ಶತಮಾನ ಕಂಡಿದೆ. ಡ್ರೆಸ್ಡೆನ್ನಿನ ಪ್ರಾಧ್ಯಾಪಕ ವಿಕ್ಟರ್ ಕ್ಲೆಂಪರರ್ ಹುಟ್ಟಿನಿಂದ ಯಹೂದಿ. ಕೆಲಸ ಕಳೆದುಕೊಂಡು, ಜೀವ ಕೈಯಲ್ಲಿ ಹಿಡಿದುಕೊಂಡು ನಾಜಿ ಆಡಳಿತದ ಭಾಷೆಯ ಟಿಪ್ಪಣಿ ಬರೆದಿಟ್ಟರು, 1947ರಲ್ಲಿ ಅದು ಪುಸ್ತಕವಾಯಿತು. ಹಿಟ್ಲರನ ಅಬ್ಬರದ ಭಾಷಣಗಳಿಗಿಂತ ದಿನವೂ ಸಾವಿರ ಬಾರಿ ಕಿವಿಗೆ ಬಿದ್ದ ಚಿಲ್ಲರೆ ಪದಗಳೇ ಜನರ ಒಳಗೆ ಇಳಿದವು ಎಂಬುದು ಅವರು ಕಂಡುಕೊಂಡದ್ದು. ಆ ಪದಗಳನ್ನು ನಾಜಿಗಳನ್ನು ದ್ವೇಷಿಸುತ್ತಿದ್ದವರೂ ಅರಿವಿಲ್ಲದೆ ಆಡುತ್ತಿದ್ದರಂತೆ. ರುವಾಂಡಾದಲ್ಲಿ 1994ರ ನರಮೇಧಕ್ಕೆ ಮೊದಲು, ಅದು ನಡೆಯುತ್ತಿರುವಾಗಲೂ, ಆರ್‌ಟಿಎಲ್‌ಎಂ ಎಂಬ ರೇಡಿಯೊ ಟುಟ್ಸಿಗಳನ್ನು ಜಿರಲೆಗಳು ಎಂದು ಕರೆಯಿತು, ಹಾಡು ಮತ್ತು ನಗೆಚಟಾಕಿಗಳ ನಡುವೆ. ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನ ಸತ್ತರು. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ರೇಡಿಯೊ ಕಟ್ಟಿದವರನ್ನೂ ಒಬ್ಬ ಪತ್ರಿಕಾ ಸಂಪಾದಕನನ್ನೂ ಅಪರಾಧಿಗಳೆಂದು ತೀರ್ಪು ಕೊಟ್ಟಿತು. ಮನುಷ್ಯನಿಗೆ ಹುಳುವಿನ ಹೆಸರಿಟ್ಟ ಮೇಲೆ ಮಿಕ್ಕ ವಾದ ಬೇಕಾಗುವುದಿಲ್ಲ.

ನಮ್ಮ ಕಾನೂನು ಈ ಅಪಾಯವನ್ನು ಕಂಡಿಲ್ಲವೆಂದಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನಂತೆ ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಚುನಾವಣಾ ಭ್ರಷ್ಟಾಚಾರ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4-3ರ ಬಹುಮತದಿಂದ ಇದನ್ನು ಅಭ್ಯರ್ಥಿಗಷ್ಟೇ ಅಲ್ಲದೆ ಮತದಾರನ ಧರ್ಮ, ಜಾತಿ, ಭಾಷೆಗೂ ವಿಸ್ತರಿಸಿತು. ಭಾಷೆಯ ಹೆಸರಿನಲ್ಲಿ ಮತ ಕೇಳಬಾರದು, ಸರಿ. ಆ ಭಾಷೆಯಲ್ಲಿ ಎಡವುತ್ತ ಮಾತಾಡಿ ಮನಸ್ಸು ಕರಗಿಸಲು ಯಾವ ಕಲಮೂ ಅಡ್ಡ ಬರುವುದಿಲ್ಲ. ದೊಡ್ಡ ನಾಯಕರು ಕನ್ನಡದ ಒಂದೆರಡು ಸಾಲುಗಳನ್ನು ಉರು ಹೊಡೆದುಕೊಂಡೇ ವಿಮಾನ ಇಳಿಯುತ್ತಾರೆ.

ಕೇಳುವವರನ್ನು ಎಲ್ಲೂ ಕೂರಿಸದೆ, ಎಬ್ಬಿಸಿ ನಿಲ್ಲಿಸಿದ ಭಾಷಣವೊಂದಿದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಆಡಿದ ಸಮಾರೋಪದ ಮಾತು. ಅಂದು ಅವರು ಅಭಿನಂದನೆಗಳನ್ನು ಸ್ವೀಕರಿಸಿ ಕೂತಿದ್ದರೂ ಸಾಕಿತ್ತು. ಬದಲಿಗೆ, ಬರುವ ಜನವರಿ 26ರಂದು ನಾವು ವಿರೋಧಾಭಾಸದ ಬಾಳಿಗೆ ಕಾಲಿಡುತ್ತೇವೆ, ರಾಜಕೀಯದಲ್ಲಿ ಸಮಾನತೆ ಇರುತ್ತದೆ, ಸಾಮಾಜಿಕ ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುತ್ತದೆ ಎಂದರು. ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿಯಾದೀತು, ರಾಜಕಾರಣದಲ್ಲಿ ಅದು ಅಧಃಪತನಕ್ಕೆ, ಸರ್ವಾಧಿಕಾರಕ್ಕೆ ದಾರಿ ಎಂದು ಎಚ್ಚರಿಸಿದರು. ಆ ಭಾಷಣದಲ್ಲಿ ‘ನಾವು’ ಎಂಬುದು ಹೊಗಳಿಕೆಯ ಜೊತೆ ಬರುವುದಿಲ್ಲ, ಹೊಣೆಯ ಜೊತೆ ಬರುತ್ತದೆ. ಓಟು ತರುವ ಭಾಷಣ ಅದಲ್ಲ. 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಅವರು ಸೋತದ್ದಕ್ಕೆ ಕಾರಣಗಳು ಬೇರೆ ಇದ್ದವು, ಆದರೂ ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಆಸೆ ಬಿಡುವುದಿಲ್ಲ.

ಮಾತಿಗೆ ಮರುಳಾಗುವುದನ್ನೂ ಮರುಳಾಗದೆ ಸವಿಯುವುದನ್ನೂ ಒಟ್ಟಿಗೆ ಕಲಿಸಿದ ಒಂದು ಶಾಲೆ ನಮ್ಮ ಕರಾವಳಿಯಲ್ಲಿದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿಗಳು ಕೂತಲ್ಲೇ, ಬರೆದಿಟ್ಟುಕೊಳ್ಳದೆ ವಾದಕ್ಕಿಳಿಯುತ್ತಾರೆ. ‘ಕೃಷ್ಣಸಂಧಾನ’ದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಕೌರವನ ಪಾತ್ರ ವಹಿಸಿದರೆ, ಸೂಜಿಯ ಮೊನೆಯಷ್ಟೂ ನೆಲ ಕೊಡಬಾರದೆಂಬುದೇ ನ್ಯಾಯ ಎಂದು ಒಂದು ಗಳಿಗೆ ತೋರಬೇಕು. ಸಭೆ ತಲೆದೂಗುತ್ತದೆ. ತಲೆದೂಗಿದವರಲ್ಲಿ ಒಬ್ಬರೂ ಕೌರವನ ಪಕ್ಷ ಸೇರುವುದಿಲ್ಲ. ಮರುದಿನ ಇನ್ನೊಂದೂರಿನಲ್ಲಿ ಅದೇ ಅರ್ಥಧಾರಿ ಕೃಷ್ಣನಾಗಿ ಕೂತು ನಿನ್ನೆಯ ತನ್ನ ವಾದದ ಎಳೆ ಎಳೆ ಬಿಡಿಸಿ ಹಾಕುತ್ತಾನೆ, ಅದಕ್ಕೂ ಅದೇ ಮಂದಿ ತಲೆದೂಗುತ್ತಾರೆ. ವಿಧಾನಸಭೆಯಲ್ಲೂ ಈ ಪ್ರಸಂಗ ಆಗಾಗ ನಡೆಯುತ್ತದೆ. ರೆಸಾರ್ಟಿನಿಂದ ಬಸ್ಸಿಳಿದು ಆಚೆಯ ಸಾಲಿಗೆ ಹೋಗಿ ಕೂತ ಶಾಸಕರು ಹಿಂದಿನ ಅಧಿವೇಶನದಲ್ಲಿ ತಾವೇ ಆಡಿದ ವಾದವನ್ನು ಅಷ್ಟೇ ಏರುದನಿಯಲ್ಲಿ ಹೊಡೆದುಹಾಕುತ್ತಾರೆ. ಅಲ್ಲಿ ಭಾಗವತರು ಇರುವುದಿಲ್ಲ, ಮತ್ತು ಪ್ರಸಂಗ ಮುಗಿದ ಮೇಲೆ ಕೌರವನೇ ರಾಜ್ಯಭಾರ ಮುಂದುವರಿಸಬಹುದು.